ಎಲೆಯ ಮೇಲಿನ ಆಳುಕಾಳು

ಮೈಸೂರಿನ ನಮ್ಮ ಸಂಬಂಧಿಕರ ಮನೆಯೊಂದರಲ್ಲಿ ಕಾಲೇಜು ಓದುವ ಹುಡುಗನೊಬ್ಬನಿದ್ದಾನೆ. ಭಾನುವಾರ ಮಧ್ಯಾಹ್ನ ಅವನ ನಾಲ್ಕೈದು ಗೆಳೆಯರು ಬಂದು ಊಟದ ಮೇಜಿನ ಸುತ್ತ ಕುಳಿತರೆಂದರೆ ಮಗ್ರಿಬ್‌ನ ಅಜಾನ್ ಕೇಳುವವರೆಗೆ ಏಳುವುದಿಲ್ಲ. ಮೇಜಿನ ಮೇಲೆ ಇಪ್ಪತ್ತು ಮುಖಗಳ ದಾಳ, ಪೆನ್ಸಿಲ್ಲು, ಗೀಚಿದ ಹಾಳೆಗಳು. ಒಬ್ಬ ಮಾಂತ್ರಿಕನಾಗುತ್ತಾನೆ, ಒಬ್ಬ ಬಿಲ್ಲುಗಾರ, ಮತ್ತೊಬ್ಬ ಕಳ್ಳ. ಕಥೆಯನ್ನು ನಡೆಸುವ ಹೊಣೆ ನಮ್ಮ ಹುಡುಗನದು. ಗೆಳೆಯರ ಪಾತ್ರಗಳು ಒಂದು ಊರಿಗೆ ಕಾಲಿಟ್ಟರೆ ಆ ಊರಿನ ಉಳಿದ ಜನರೆಲ್ಲ ಅವನೇ ಆಗಬೇಕು. ಕೋಟೆಬಾಗಿಲ ಕಾವಲುಗಾರ, ಛತ್ರದ ಯಜಮಾನಿ, ಕಮ್ಮಾರ, ಸುಂಕ ವಸೂಲಿಯವನು. ಯಾವ ಆಟಗಾರನೂ ಆಡದ ಈ ಪಾತ್ರಗಳಿಗೆ ಅವರ ಭಾಷೆಯಲ್ಲಿ ನಾನ್ ಪ್ಲೇಯರ್ ಕ್ಯಾರೆಕ್ಟರ್ ಎನ್ನುತ್ತಾರೆ. ನಮ್ಮ ನಾಟಕ ಕಂಪನಿಗಳವರಾದರೆ ಚಿಲ್ಲರೆ ಪಾತ್ರಗಳು ಎನ್ನುತ್ತಿದ್ದರು.

ಒಂದು ದಿನ ಅವನು ನೋಟ್‌ಬುಕ್ ಹಿಡಿದು ನನ್ನ ಬಳಿ ಬಂದ. “ಮಾಮೂ, ರಾಜನನ್ನು ಬರೆಯೋದು ಸುಲಭ. ಈ ಕಾವಲುಗಾರನನ್ನು ಬರೆಯೋದೇ ಕಷ್ಟ. ಇವನು ಯಾರು, ಇವನಿಗೆ ಏನು ಬೇಕು ಅಂತ ಗೊತ್ತಾಗದಿದ್ದರೆ ನನ್ನ ಗೆಳೆಯರು ಬಂದ ಕೂಡಲೇ ಇವನನ್ನು ಕೊಂದು ಮುಂದೆ ಹೋಗುತ್ತಾರೆ” ಎಂದ. ನೋಟ್‌ಬುಕ್ಕಿನಲ್ಲಿ ‘ಕಾವಲುಗಾರ ಒಂದು, ಕಾವಲುಗಾರ ಎರಡು’ ಎಂದಷ್ಟೇ ಇತ್ತು. ಆಟಕ್ಕಾಗಿ ಒಂದು ರಾಜ್ಯವನ್ನು ಕಟ್ಟುವಾಗ ಅದರಲ್ಲಿ ಯಾರಿಗೆ ಮುಖ ಕೊಡಬೇಕು, ಯಾರನ್ನು ಬರಿ ಸಂಖ್ಯೆಯಾಗಿ ಬಿಡಬೇಕು ಎಂಬ ಈ ತೊಡಕು ಅವನಿಗೆ ಹೊಸದಾಗಿ ಕಂಡಿತ್ತು. ಆದರೆ ಅವನ ಮನೆಯಿಂದ ಎರಡು ಮೈಲಿಯೊಳಗಿರುವ ಅರಮನೆಯಲ್ಲಿ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ದೊರೆಯೊಬ್ಬರು ಇದೇ ಕೆಲಸಕ್ಕೆ ಕೂತಿದ್ದರು. ಅವರಿಗೂ ಹಿಂದೆ ಆಗ್ರಾದಲ್ಲಿ ಬಾದಶಹನೊಬ್ಬ ಕೂತಿದ್ದ. ಇಬ್ಬರೂ ಕೈಗೆತ್ತಿಕೊಂಡದ್ದು ಒಂದೇ ವಸ್ತುವನ್ನು: ಗಂಜೀಫಾ ಎಲೆಗಳನ್ನು.

ಹುಡುಗರು ಆಡುವ ಆಟದ ವಂಶಾವಳಿಯನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಈ ಬಗೆಯ ಮೊದಲ ಆಟ ಅಮೆರಿಕದಲ್ಲಿ ಅಚ್ಚಾದದ್ದು 1974ರಲ್ಲಿ. ಅದನ್ನು ರೂಪಿಸಿದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇಬ್ಬರೂ ಪುಟ್ಟ ಬೊಂಬೆಗಳಿಟ್ಟು ಯುದ್ಧದ ಆಟ ಆಡುತ್ತಿದ್ದವರು. ಯುದ್ಧದ ಆಟಗಳ ಬೇರು ಹತ್ತೊಂಬತ್ತನೆಯ ಶತಮಾನದ ಪ್ರಷ್ಯಾದ ಸೇನಾಧಿಕಾರಿಗಳ ಕ್ರೀಗ್‌ಸ್ಪೀಲ್‌ನಲ್ಲಿದೆ. ಕ್ರೀಗ್‌ಸ್ಪೀಲ್‌ಗಿಂತ ಮುಂಚಿನ ಯುದ್ಧದ ಆಟಗಳು ಚದುರಂಗವನ್ನು ಹಿಗ್ಗಿಸಿ ಮಾಡಿದವು. ಚದುರಂಗ ಇಲ್ಲಿಂದ ಇರಾನಿಗೆ, ಇರಾನಿನಿಂದ ಅರಬರಿಗೆ, ಅರಬರಿಂದ ಯುರೋಪಿಗೆ ಹೋದದ್ದು ಎಲ್ಲರಿಗೂ ತಿಳಿದ ವಿಷಯ. ನಮ್ಮ ಮಂತ್ರಿ ಅಲ್ಲಿಗೆ ಹೋಗಿ ರಾಣಿಯಾದ. ಕಾಲಾಳು ಮಾತ್ರ ಹಲವು ದೇಶಗಳಲ್ಲಿ ಕಾಲಾಳಾಗಿಯೇ ಉಳಿದ. ಎಂಟು ಜನ, ಎಂಟೂ ಒಂದೇ ಅಚ್ಚು.

ಇಸ್ಪೀಟಿನ ಪಯಣ ಇದಕ್ಕೆ ತಿರುಗುಮುರುಗು. ಎಲೆಗಳು ಪಶ್ಚಿಮದಿಂದ ನಮ್ಮ ಕಡೆ ಬಂದವು. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಈಜಿಪ್ಟಿನ ಮಮ್ಲೂಕರ ಕಾಲದ ಒಂದು ಕಟ್ಟು ಸಿಕ್ಕಿದೆ. ಕಪ್ಪು, ನಾಣ್ಯ, ಕತ್ತಿ, ಪೋಲೋ ಕೋಲು ಎಂಬ ನಾಲ್ಕು ಗುಂಪು, ಗುಂಪಿಗೆ ಹದಿಮೂರು ಎಲೆ. ಪ್ರತಿ ಗುಂಪಿನಲ್ಲಿ ಮೂವರು ದೊಡ್ಡವರು: ಮಲಿಕ್, ಅಂದರೆ ರಾಜ; ನಾಯಿಬ್, ಅಂದರೆ ಅವನ ಪ್ರತಿನಿಧಿ; ಇನ್ನೊಬ್ಬ ಎರಡನೆಯ ನಾಯಿಬ್. ಈ ಮೂವರಿಗೂ ಮುಖವಿಲ್ಲ. ಸುಂದರವಾದ ಅರಬ್ಬೀ ಬರಹದಲ್ಲಿ ಅವರ ಪದವಿಯನ್ನು ಬರೆದು ಬಿಡಲಾಗಿದೆ. ಜೀವಿಗಳ ಚಿತ್ರ ಬರೆಯುವ ಬಗ್ಗೆ ಇದ್ದ ಧಾರ್ಮಿಕ ಸಂಕೋಚವನ್ನು ಆ ಕಲಾವಿದ ಹೀಗೆ ದಾಟಿರಬೇಕು. ಪಾತ್ರ ಇದೆ, ಹೆಸರಿದೆ, ಹುದ್ದೆಯಿದೆ. ರೂಪವನ್ನು ಆಡುವವರು ಕಲ್ಪಿಸಿಕೊಳ್ಳಬೇಕು. ಆ ‘ನಾಯಿಬ್’ ಎಂಬ ಮಾತು ಯುರೋಪಿಗೆ ಹೋಗಿ ಸ್ಪ್ಯಾನಿಷ್ ಭಾಷೆಯಲ್ಲಿ ಇಸ್ಪೀಟಿಗೇ ‘ನಾಯ್ಪೆ’ ಎಂಬ ಹೆಸರಾಯಿತು. ನಾವು ದಿನವೂ ಬಳಸುವ ‘ನವಾಬ’ ಅದೇ ಮೂಲದ ಮಾತು. ಕನ್ನಡದ ಇಸ್ಪೀಟು ಆಟಗಾರ ಎಕ್ಕ, ರಾಜ, ರಾಣಿಯ ನಂತರ ‘ಗುಲಾಮ’ ಎಂದು ಎಲೆ ಒಗೆಯುವಾಗ ಆಡುವುದೂ ಅರಬ್ಬೀ ಮಾತನ್ನೇ.

ಹಿಂದೂಸ್ತಾನದಲ್ಲಿ ಗಂಜೀಫಾದ ಮೊದಲ ಖಚಿತ ಉಲ್ಲೇಖ ಬಾಬರನ ಆತ್ಮಚರಿತ್ರೆಯಲ್ಲಿದೆ. ಸಿಂಧ್‌ನಲ್ಲಿದ್ದ ಶಾಹ್ ಹಸನ್‌ಗೆ ಈ ಆಟವೆಂದರೆ ಬಹಳ ಇಷ್ಟವೆಂದೂ, ಅವನು ಕೇಳಿದ್ದಕ್ಕೆ ಎಲೆಗಳನ್ನು ಕಳಿಸಿಕೊಟ್ಟೆನೆಂದೂ 1527ರ ದಿನಚರಿಯಲ್ಲಿ ಬಾಬರ್ ಬರೆದುಕೊಂಡಿದ್ದಾನೆ. ಮುಘಲರ ಕಾಲದಲ್ಲಿ ಬಳಕೆಗೆ ಬಂದ ಕಟ್ಟಿನಲ್ಲಿ ಎಂಟು ಗುಂಪು, ಗುಂಪಿಗೆ ಹನ್ನೆರಡು ಎಲೆ, ಒಟ್ಟು 96. ತಾಜ್ ಎಂದರೆ ಕಿರೀಟ, ಸಫೇದ್ ಎಂದರೆ ಬೆಳ್ಳಿಯ ನಾಣ್ಯ, ಶಂಶೇರ್ ಎಂದರೆ ಕತ್ತಿ, ಗುಲಾಮ್ ಎಂದರೆ ಆಳು, ಚಂಗ್ ಎಂದರೆ ತಂತಿವಾದ್ಯ, ಸುರ್ಖ್ ಎಂದರೆ ಚಿನ್ನದ ನಾಣ್ಯ, ಬರಾತ್ ಎಂದರೆ ಹುಕುಂ ಬರೆದ ಪತ್ರ, ಕಿಮಾಶ್ ಎಂದರೆ ಸರಕು. ಒಂದು ಅರಮನೆ ನಡೆಯಲು ಏನೇನು ಬೇಕೋ ಅವೆಲ್ಲ ಈ ಪಟ್ಟಿಯಲ್ಲಿವೆ. ಪ್ರತಿ ಗುಂಪಿಗೆ ಒಬ್ಬ ಮೀರ್, ಒಬ್ಬ ವಜೀರ್. ಉಳಿದ ಹತ್ತು ಎಲೆಗಳು ಒಂದರಿಂದ ಹತ್ತರವರೆಗಿನ ಸಂಖ್ಯೆಗಳು.

ಎಲೆಗಳು ಗುಂಡಗೆ, ಅಂಗೈಯಲ್ಲಿ ಅಡಗುವಷ್ಟು. ಸಾಮಾನ್ಯವಾಗಿ ಮೂವರು ಆಡುತ್ತಿದ್ದರು, ತಲಾ 32 ಎಲೆ. ಹಗಲಲ್ಲಿ ಆಡಿದರೆ ಸುರ್ಖ್‌ನ ಮೀರ್ ಬಂದವನು ಆಟ ಶುರು ಮಾಡಬೇಕು, ರಾತ್ರಿಯಾದರೆ ಸಫೇದ್‌ನ ಮೀರ್ ಬಂದವನು. ಚಿನ್ನ ಸೂರ್ಯನದು, ಬೆಳ್ಳಿ ಚಂದ್ರನದು. ಇನ್ನೊಂದು ಸೊಗಸಾದ ನಿಯಮವಿದೆ. ನಾಲ್ಕು ಗುಂಪುಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ನಾಲ್ಕರಲ್ಲಿ ತಲೆಕೆಳಗು: ವಜೀರನ ಬೆನ್ನಿಗೆ ಒಂದು ಬರುತ್ತದೆ, ಹತ್ತು ಎಲ್ಲರಿಗಿಂತ ಕೆಳಗೆ. ಗುಲಾಮರ ಗುಂಪು ಮೊದಲ ನಾಲ್ಕರಲ್ಲಿ, ಕಿರೀಟ ಮತ್ತು ಕತ್ತಿಗಳ ಜತೆ ಕೂತಿದೆ. ಚಿನ್ನದ ನಾಣ್ಯ ಎರಡನೆಯ ನಾಲ್ಕರಲ್ಲಿದೆ. ಇದಕ್ಕೆ ದೊಡ್ಡ ಅರ್ಥ ಕಟ್ಟಬೇಕಿಲ್ಲ, ಆಟಕ್ಕೆ ರಂಗು ಬರಲು ಯಾರೋ ಮಾಡಿದ ಏರ್ಪಾಡು. ಆದರೂ ಆಳು ನಾಣ್ಯದ ಮೇಲಿನ ಸಾಲಿನಲ್ಲಿ ಕೂತಿರುವುದನ್ನು ನೋಡಿದರೆ ಖುಷಿಯಾಗುತ್ತದೆ.

ಈಗ ಅಕ್ಬರನ ವಿಷಯ. ಅಬುಲ್ ಫಜಲ್ 1590ರ ದಶಕದಲ್ಲಿ ಬರೆದು ಮುಗಿಸಿದ ‘ಆಯಿನೆ ಅಕ್ಬರಿ’ಯಲ್ಲಿ ಕುದುರೆಲಾಯ, ಅಡುಗೆಮನೆ, ಟಂಕಸಾಲೆಗಳ ವಿವರಗಳ ಜತೆಗೆ ಆಟಗಳಿಗೂ ಒಂದು ಅಧ್ಯಾಯವಿದೆ. ಹದಿನಾರು ಜನ ಸುತ್ತ ಕೂತು 64 ಕಾಯಿಗಳಿಂದ ಆಡುವ ‘ಚಂದಲ್ ಮಂದಲ್’ ಎಂಬ ಆಟವನ್ನು ಬಾದಶಹನೇ ರೂಪಿಸಿದ ಎಂದು ಅದರಲ್ಲಿ ಹೇಳಿದೆ. ಗಂಜೀಫಾದ ಬಗ್ಗೆ ಎರಡು ಬೇರೆ ಬೇರೆ ಕಟ್ಟುಗಳ ವರ್ಣನೆಯಿದೆ. ಎರಡನ್ನೂ ನಿಧಾನವಾಗಿ ಓದಬೇಕು.

ಮೊದಲನೆಯದು ಹನ್ನೆರಡು ಗುಂಪುಗಳ ಕಟ್ಟು, ಒಟ್ಟು 144 ಎಲೆ. ಹನ್ನೆರಡು ರಾಜರು, ಅವರ ಹೆಸರುಗಳೆಲ್ಲ ನಮ್ಮವೇ. ಅಶ್ವಪತಿ ದೆಹಲಿಯ ಸುಲ್ತಾನನಂತೆ ಛತ್ರ ಚಾಮರಗಳೊಡನೆ ಕುದುರೆಯ ಮೇಲಿದ್ದಾನೆ. ಗಜಪತಿ ಒರಿಸ್ಸಾದ ಅರಸನಂತೆ. ನರಪತಿ ಎಂದರೆ ಕಾಲಾಳುಗಳ ಬಲದಿಂದ ಆಳುವವನು, ಬಿಜಾಪುರದ ಅರಸರಂತೆ ಎಂದು ಅಬುಲ್ ಫಜಲ್ ಬರೆಯುತ್ತಾನೆ. ಅವನ ಹತ್ತು ಎಲೆಗಳಲ್ಲಿ ಒಬ್ಬನಿಂದ ಹತ್ತು ಜನರವರೆಗೆ ಪದಾತಿಗಳು. ಆಗ್ರಾದ ಅರಮನೆಯಲ್ಲಿ ಎಲೆ ಹಂಚುವಾಗ ಆದಿಲಶಾಹಿಯ ಕನ್ನಡ ನಾಡಿನ ಕಾಲಾಳು ಯಾರದೋ ಕೈಗೆ ಬಂದು ಕೂರುತ್ತಿದ್ದ ಎಂದಾಯಿತು.

ಮುಂದೆ ಸಾಗಿದಂತೆ ಇತಿಹಾಸ ಹಿಂದೆ ಸರಿದು ಅದ್ಭುತ ಲೋಕ ತೆರೆದುಕೊಳ್ಳುತ್ತದೆ. ಬನಪತಿ ಕಾಡಿನ ರಾಜ: ಮೀರ್ ಹುಲಿ, ವಜೀರ್ ಚಿರತೆ, ಉಳಿದವು ಕಾಡುಮೃಗಗಳು. ಅಹಿಪತಿ ಹಾವುಗಳ ರಾಜ. ಸುರಪತಿ ಇಂದ್ರ. ಅಸುರಪತಿಯ ಗುಂಪು ಜಿನ್ನ್‌ಗಳದು. ಅದರ ಮೇಲಿನ ಎಲೆಯಲ್ಲಿ ದಾವೂದರ ಮಗ ಪ್ರವಾದಿ ಸುಲೈಮಾನ್ (ಅ) ಸಿಂಹಾಸನದ ಮೇಲಿದ್ದಾರೆ. ಜಿನ್ನ್‌ಗಳು ಅವರ ಆಜ್ಞೆಗೆ ಒಳಪಟ್ಟಿದ್ದವೆಂದು ಕುರ್‌ಆನ್ ಹೇಳುತ್ತದೆ. ಪ್ರವಾದಿಯೊಬ್ಬರ ಚಿತ್ರ ಬರೆದು, ಅದನ್ನೂ ಆಟದ ಎಲೆಯಲ್ಲಿ ಕೂರಿಸುವುದು ಉಲಮಾಗಳು ಒಪ್ಪುವ ಮಾತಲ್ಲ. ನಮ್ಮಲ್ಲಿ ಹಲವರಿಗೆ ಇಂದಿಗೂ ಇದು ಇರಿಸುಮುರಿಸು ತರುತ್ತದೆ. ಹಮ್ಜಾ ದಾಸ್ತಾನಿನ ದೈತ್ಯರು, ಮಾಟಗಾರರು, ಅಯ್ಯಾರರನ್ನು ಬರೆಸಲು ವರ್ಷಗಟ್ಟಲೆ ಚಿತ್ರಕಾರರನ್ನು ಕೂರಿಸಿ ಸಾವಿರದ ನಾನೂರು ಚಿತ್ರಗಳನ್ನು ಮಾಡಿಸಿದ ಬಾದಶಹ ಈ ಸಂಕೋಚಗಳನ್ನು ಲೆಕ್ಕಕ್ಕೆ ಇಟ್ಟವನಲ್ಲ. ಇತಿಹಾಸದ ವಿದ್ಯಾರ್ಥಿಯ ಕಣ್ಣಿಗೆ ಕಾಣುವುದು ಒಂದೇ ಕಟ್ಟಿನೊಳಗೆ ಇಂದ್ರನೂ ಸುಲೈಮಾನರೂ ಒಬ್ಬರ ಪಕ್ಕ ಒಬ್ಬರು ಇದ್ದರೆಂಬ ಸಂಗತಿ.

ನಮ್ಮ ಹುಡುಗನ ಕಷ್ಟಕ್ಕೆ ಉತ್ತರ ಇರುವುದು ಮಾತ್ರ ಎರಡನೆಯ ಕಟ್ಟಿನಲ್ಲಿ. ಎಂಟು ಗುಂಪುಗಳ ಹಳೆಯ ಆಟವನ್ನೇ ತೆಗೆದುಕೊಂಡು ಅಕ್ಬರ್ ಅದರಲ್ಲಿ ಬದಲಾವಣೆ ಮಾಡಿಸಿದ. ರಾಜ, ವಜೀರರು ಮೊದಲೂ ಇದ್ದರು. ಮುಖವಿಲ್ಲದೆ ಬಿದ್ದಿದ್ದ ಸಂಖ್ಯೆಯ ಎಲೆಗಳಿಗೆ ಮನುಷ್ಯರು ಬಂದರು. ಖಜಾನೆಯ ಗುಂಪನ್ನೇ ನೋಡಿ. ರಾಜ ಹಣ ಹಂಚುತ್ತಿದ್ದಾನೆ, ವಜೀರ್ ಪೆಟ್ಟಿಗೆಯ ಮೇಲೆ ಕೂತು ಬೊಕ್ಕಸ ತನಿಖೆ ಮಾಡುತ್ತಿದ್ದಾನೆ. ಉಳಿದ ಹತ್ತು ಎಲೆಗಳಲ್ಲಿ ಹತ್ತು ಕೆಲಸಗಾರರು: ರತ್ನಪಡಿಯವನು, ಲೋಹ ಕರಗಿಸುವವನು, ಕರಗಿಸಿದ್ದನ್ನು ತುಂಡು ಮಾಡುವವನು, ತೂಗುವವನು, ಅಚ್ಚು ಒತ್ತುವವನು, ಮೊಹರು ಎಣಿಸುವವನು, ಲೆಕ್ಕ ಬರೆಯುವ ಇಬ್ಬರು ಗುಮಾಸ್ತರು, ವ್ಯಾಪಾರಿ, ಬಿಲ್ಲೆ ಮಾಡುವವನು. ಟಂಕಸಾಲೆಯ ಒಳಗೆ ನಿಂತು ನೋಡಿದವರಲ್ಲದೆ ಬೇರೆ ಯಾರೂ ಇಂಥ ಪಟ್ಟಿ ಕೊಡಲಾರರು.

ಬರಾತ್ ಗುಂಪಿನಲ್ಲಿ ಕಚೇರಿಯೇ ಇದೆ. ಕಾಗದ ತಯಾರಿಸುವವನು, ಸಾಲು ಮೂಡಿಸುವ ಮಿಸ್ತರ್ ಮಾಡುವವನು, ದಫ್ತರಿನಲ್ಲಿ ದಾಖಲೆ ಬರೆಯುವವನು, ಅಂಚಿಗೆ ಗೆರೆ ಎಳೆಯುವವನು, ಹೂಬಳ್ಳಿ ಬಿಡಿಸುವ ನಕ್ಕಾಶ್, ಫರ್ಮಾನು ಬರೆಯುವವನು, ರಟ್ಟು ಕಟ್ಟುವ ಮುಜಲ್ಲಿದ್, ಕಾಗದಕ್ಕೆ ಬಣ್ಣ ಕೊಡುವ ರಂಗ್ರೇಜ್. ಒಂದು ಫರ್ಮಾನಿನ ಮೇಲೆ ಬಾದಶಹನ ಮುದ್ರೆಯೊಂದೇ ನಮಗೆ ಕಾಣುತ್ತದೆ. ಅದು ಆ ಮುದ್ರೆಗೆ ತಲುಪುವ ಮೊದಲು ಎಷ್ಟು ಕೈ ದಾಟಿತೆಂಬ ಲೆಕ್ಕ ಈ ಎಲೆಗಳಲ್ಲಿದೆ. ಕತ್ತಿಯ ಗುಂಪಿನಲ್ಲಿ ಆಯುಧ ಮಾಡುವವರು, ಸಾಣೆ ಹಿಡಿಯುವವರು. ಕಿರೀಟದ ಗುಂಪಿನಲ್ಲಿ ದರ್ಜಿಗಳು, ಹತ್ತಿ ತುಂಬಿ ಹೊಲಿಯುವವರು. ಚಂಗ್ ಗುಂಪಿನಲ್ಲಿ ವಾದ್ಯಗಾರರು. ಅವರ ವಜೀರ್ ಕಲಾವಿದರ ಕಷ್ಟಸುಖ ವಿಚಾರಿಸುತ್ತಿದ್ದಾನೆ. ಕೊನೆಯ ಗುಂಪು ಗುಲಾಮರದು. ರಾಜ ಆನೆಯ ಮೇಲೆ, ವಜೀರ್ ಬಂಡಿಯಲ್ಲಿ. ಆಳುಗಳಲ್ಲಿ ಕೆಲವರು ಕೂತಿದ್ದಾರೆ, ಕೆಲವರು ಸಾಷ್ಟಾಂಗ ಬಿದ್ದಿದ್ದಾರೆ, ಕೆಲವರು ಕುಡಿದಿದ್ದಾರೆ, ಕೆಲವರಿಗೆ ಎಚ್ಚರವಿದೆ.

ಈ ಕೊನೆಯ ಸಾಲು ನನಗೆ ಬಹಳ ಹಿಡಿಸಿತು. ಹತ್ತು ಗುಲಾಮರನ್ನು ಒಂದೇ ಅಚ್ಚಿನಲ್ಲಿ ಒತ್ತಿದ್ದರೂ ಆಟಕ್ಕೆ ಏನೂ ಕಡಿಮೆಯಾಗುತ್ತಿರಲಿಲ್ಲ. ಆದರೂ ಒಬ್ಬ ಕುಡಿದಿದ್ದಾನೆ, ಇನ್ನೊಬ್ಬ ಕುಡಿದಿಲ್ಲ. ಅಷ್ಟು ಸಾಕು, ಅವರು ಇಬ್ಬರು ಬೇರೆ ಬೇರೆ ಮನುಷ್ಯರಾದರು. ಅಕ್ಬರ್ ದಾಸರ ಬಂಧುವಾಗಿದ್ದ ಎಂದು ನಾನು ಹೇಳುತ್ತಿಲ್ಲ. ಇದು ತನ್ನ ರಾಜ್ಯದ ಪ್ರತಿ ಕೀಲನ್ನೂ ಎಣಿಸಿ ಇಟ್ಟುಕೊಳ್ಳುವ ಆಡಳಿತಗಾರನ ಕಣ್ಣು. ಆ ಕಣ್ಣಿನಲ್ಲಿ ಅಭಿಮಾನವಿತ್ತು, ಹಿಡಿತವೂ ಇತ್ತು. ಅದೇನೇ ಇರಲಿ, ತಕ್ಕಡಿ ಹಿಡಿದವನ ಚಿತ್ರವನ್ನು ಅಮೀರನೊಬ್ಬ ಬೆರಳುಗಳ ನಡುವೆ ಹಿಡಿದು, ಇವನನ್ನು ಇಟ್ಟುಕೊಳ್ಳಲೋ ಒಗೆಯಲೋ ಎಂದು ಯೋಚಿಸಬೇಕಾಗಿ ಬಂತು.

ಇಲ್ಲಿ ಓದುಗರಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಇಸ್ಲಾಮಿನಲ್ಲಿ ಜೂಜು ನಿಷಿದ್ಧ. ಅಲ್ ಮಾಇದಾ ಅಧ್ಯಾಯದಲ್ಲಿ ಅದನ್ನು ಮದ್ಯದ ಸಾಲಿನಲ್ಲೇ ಇಡಲಾಗಿದೆ. ಪಣವಿಲ್ಲದ ಆಟಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಕಾಲಹರಣವೆಂದು ಬೇಡವೆಂದವರೇ ಹೆಚ್ಚು. ಗಂಜೀಫಾವನ್ನು ಪಣವಿಟ್ಟು ಆಡಿದವರೂ ಉಂಟು, ಮನೆಮಂದಿ ಕೂತು ಹೊತ್ತು ಕಳೆಯಲು ಆಡಿದವರೂ ಉಂಟು. ಪಗಡೆಯಲ್ಲಿ ರಾಜ್ಯವನ್ನೂ ಹೆಂಡತಿಯನ್ನೂ ಕಳೆದುಕೊಂಡವರ ಕಥೆ ಕೇಳಿ ಬೆಳೆದ ನಾಡಿನಲ್ಲಿ ಈ ಎಚ್ಚರಿಕೆ ಯಾವ ಸಮುದಾಯಕ್ಕೂ ಹೊಸದಲ್ಲ. ಇಲ್ಲಿ ನಾನು ನೋಡುತ್ತಿರುವುದು ಆ ಎಲೆಗಳ ಮೇಲೆ ಯಾರು ಯಾರು ಬಂದು ಕೂತರು ಎಂಬುದನ್ನು ಮಾತ್ರ.

ಗಂಜೀಫಾ ಊರೂರು ಅಲೆದು ಹೋದಲ್ಲೆಲ್ಲ ಆಯಾ ಊರಿನ ಪಾತ್ರಗಳನ್ನು ಸೇರಿಸಿಕೊಂಡಿತು. ಮಹಾರಾಷ್ಟ್ರದ ಸಾವಂತವಾಡಿ, ಬಂಗಾಳದ ವಿಷ್ಣುಪುರ, ಒರಿಸ್ಸಾದ ರಘುರಾಜಪುರಗಳಲ್ಲಿ ದಶಾವತಾರದ ಎಲೆಗಳು ಬಂದವು. ಹತ್ತು ಅವತಾರ, ಹತ್ತು ಗುಂಪು, 120 ಎಲೆ. ಪ್ರತಿ ಗುಂಪಿನ ರಾಜ ಅವತಾರ ಪುರುಷ. ಅವನ ಮಂತ್ರಿಯನ್ನು ಹಲವು ಕಡೆ ಇಂದಿಗೂ ‘ವಜೀರ’ ಎಂದೇ ಕರೆಯುತ್ತಾರೆ. ರಾಮನ ಪಕ್ಕದಲ್ಲಿ ವಜೀರ ಇದ್ದುದಕ್ಕೆ ಆಡುವವರಲ್ಲಿ ಯಾರೂ ತಕರಾರು ತೆಗೆದಂತಿಲ್ಲ. ನಮ್ಮ ಮೈಸೂರು ಸೀಮೆಯ ತಾಲ್ಲೂಕು ಕಚೇರಿಗಳಲ್ಲಿ ಅಮಲ್ದಾರ, ಶಿರಸ್ತೇದಾರ, ದಫ್ತರು, ಜಮಾಬಂದಿ ಎಂಬ ಮಾತುಗಳು ತಲೆಮಾರುಗಟ್ಟಲೆ ಚಲಾವಣೆಯಲ್ಲಿದ್ದವಲ್ಲ, ಹಾಗೆ.

ಈ ಆಟ ಅತಿ ದೊಡ್ಡದಾಗಿ ಬೆಳೆದದ್ದು ಮೈಸೂರಿನಲ್ಲಿ. ಬೆಳೆಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ಬದುಕನ್ನು ನೆನಪಿಸಿಕೊಳ್ಳದೆ ಅವರ ಎಲೆಗಳನ್ನು ನೋಡಲಾಗದು. ಹುಟ್ಟಿದ್ದು 1794ರಲ್ಲಿ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಹುತಾತ್ಮರಾದ ಮೇಲೆ ಇಂಗ್ಲಿಷರು ಐದು ವರ್ಷದ ಈ ಮಗುವನ್ನು ಪಟ್ಟಕ್ಕೆ ಕೂರಿಸಿದರು. ದಿವಾನ್ ಪೂರ್ಣಯ್ಯನವರು ರಾಜ್ಯ ನಡೆಸಿದರು. ಬೆಳೆದ ಮೇಲೆ ಒಡೆಯರು ಸುಮಾರು ಇಪ್ಪತ್ತು ವರ್ಷ ತಾವೇ ಆಳಿದರು. ನಗರದ ರೈತರ ದಂಗೆಯ ನೆಪವೊಡ್ಡಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಿತ್ತುಕೊಂಡ. ಕಮಿಷನರುಗಳು ಬಂದರು, ಕಚೇರಿಗಳು ಬೆಂಗಳೂರಿಗೆ ಹೋದವು. ದೊರೆಗೆ ಉಳಿದದ್ದು ಅರಮನೆ, ವರ್ಷಾಶನವಾಗಿ ಒಂದು ಲಕ್ಷ ಸ್ಟಾರ್ ಪಗೋಡ ಮತ್ತು ಕಂದಾಯದ ನಿವ್ವಳ ಉತ್ಪನ್ನದಲ್ಲಿ ಐದನೆಯ ಒಂದು ಪಾಲು. 1868ರಲ್ಲಿ ತೀರಿಕೊಳ್ಳುವವರೆಗೆ, 37 ವರ್ಷ, ರಾಜ್ಯ ವಾಪಸ್ಸು ಕೊಡಿ ಎಂದು ಅವರು ಬರೆಯುತ್ತಲೇ ಇದ್ದರು. ರಾಜ್ಯ ಮರಳಿದ್ದು 1881ರಲ್ಲಿ, ಅವರ ದತ್ತುಮಗನಿಗೆ.

ಆ ದೀರ್ಘ ಬಿಡುವಿನಲ್ಲಿ ಕವಿಗಳು, ಚಿತ್ರಗಾರರು, ಸಂಗೀತಗಾರರು ಅರಮನೆಯಲ್ಲಿ ನೆರೆದರು. ದೊರೆಗಂತೂ ಆಟಗಳ ಹುಚ್ಚು ಅಪಾರವಾಗಿತ್ತು. ಚದುರಂಗದ ಮಣೆಯ ಮೇಲೆ ಕುದುರೆ ಒಂದು ಮನೆಗೂ ಎರಡು ಸಲ ಹೋಗದೆ ಎಲ್ಲ ಮನೆ ಸುತ್ತುವ ಲೆಕ್ಕಗಳನ್ನು ಅವರು ಕಟ್ಟಿದರು. ಗಂಜೀಫಾವನ್ನು ಕೈಗೆತ್ತಿಕೊಂಡು ಅದಕ್ಕೆ ‘ಛದ’ ಎಂಬ ಸಂಸ್ಕೃತದ ಹೆಸರಿಟ್ಟರು. ಛದ ಎಂದರೆ ಎಲೆ. ಕನ್ನಡಿಗರು ಇಸ್ಪೀಟನ್ನು ಎಲೆ ಎಂದೇ ಕರೆಯುವುದರಿಂದ ಇದು ಅಚ್ಚ ನಮ್ಮ ಹೆಸರೇ ಆಯಿತು. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ, ಕೃಷ್ಣರಾಜ ಛದ ಹೀಗೆ ಹದಿಮೂರು ಆಟಗಳು ಅವರ ‘ಶ್ರೀತತ್ತ್ವನಿಧಿ’ ಎಂಬ ಬೃಹತ್ ಗ್ರಂಥದ ಕೌತುಕನಿಧಿ ಭಾಗದಲ್ಲಿ ವರ್ಣಿತವಾಗಿವೆ. ಚಿಕ್ಕ ಕಟ್ಟುಗಳಲ್ಲಿ ಒಂದಾದ ಕೃಷ್ಣರಾಜ ಛದದಲ್ಲಿ 72 ಎಲೆ. ದೊಡ್ಡದರಲ್ಲಿ ಹದಿನೆಂಟು ಗುಂಪು, 360 ಎಲೆ. ಅಷ್ಟು ಎಲೆಗಳನ್ನು ನೆನಪಿಟ್ಟು ಆಡಿದವರಿಗೆ ಸಲಾಂ ಹೇಳಬೇಕು.

ಹಳೆಯ ಆಟಗಳಿಗೂ ಮೈಸೂರಿನ ಆಟಕ್ಕೂ ಇರುವ ದೊಡ್ಡ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಮುಘಲ್ ಕಟ್ಟಿನ ಗುಂಪಿನಲ್ಲಿ ದರ್ಬಾರಿನ ಎಲೆಗಳು ಎರಡೇ. ಯುರೋಪಿನ ಇಸ್ಪೀಟಿನಲ್ಲಿ ಮೂರು. ಮೈಸೂರಿನ ಛದದಲ್ಲಿ ಸಾಮಾನ್ಯವಾಗಿ ಹನ್ನೆರಡು ಸಂಖ್ಯೆಯ ಎಲೆಗಳ ಮೇಲೆ ಆರು ದರ್ಬಾರಿನ ಎಲೆಗಳಿವೆ. ಅಂದರೆ ಒಬ್ಬ ಮಂತ್ರಿಯಿಂದ ದೊರೆಗೆ ತೃಪ್ತಿಯಾಗಲಿಲ್ಲ, ಒಡ್ಡೋಲಗವೇ ಬೇಕಾಯಿತು. ಹೊರಗಿನ ರಾಜ್ಯದಲ್ಲಿ ಕಮಿಷನರ್ ಕಬ್ಬನ್ ಬೆಂಗಳೂರಿನಲ್ಲಿ ಕೂತು ರುಜು ಹಾಕುತ್ತಿದ್ದ. ದೊರೆಯ ಕೈಯಲ್ಲಿ ಒಬ್ಬ ಅಮಲ್ದಾರನನ್ನು ವರ್ಗ ಮಾಡುವ ಅಧಿಕಾರವೂ ಇರಲಿಲ್ಲ. ಅಂಥವರು ಕೂತು ಹದಿನೆಂಟು ಗುಂಪುಗಳಿಗೆ ಒಡೆಯರನ್ನೂ ಪರಿವಾರವನ್ನೂ ನೇಮಿಸುತ್ತಿದ್ದರು. ಇದನ್ನು ಸೋತವನ ಸಾಂತ್ವನ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆಟವನ್ನು ಸಾಂತ್ವನಕ್ಕಾಗಿ ಮಾಡುವವನು ಅಷ್ಟು ಕಠಿಣವಾದ ನಿಯಮಗಳನ್ನು ತನ್ನ ತಲೆಗೆ ಕಟ್ಟಿಕೊಳ್ಳುವುದಿಲ್ಲ.

ಶ್ರೀತತ್ತ್ವನಿಧಿಯಲ್ಲಿ ಶಕ್ತಿನಿಧಿಯಿಂದ ಕೌತುಕನಿಧಿಯವರೆಗೆ ಒಂಬತ್ತು ನಿಧಿಗಳು. ಅದನ್ನು ಪಾತ್ರಗಳ ಕೈಪಿಡಿಯೆಂದೇ ಓದಬಹುದು. ಪ್ರತಿ ದೇವತೆಗೂ ಮೈಬಣ್ಣ ಯಾವುದು, ಕೈಗಳೆಷ್ಟು, ಯಾವ ಕೈಯಲ್ಲಿ ಯಾವ ಆಯುಧ, ವಾಹನ ಯಾವುದು ಎಂದು ಧ್ಯಾನಶ್ಲೋಕ ಕೊಟ್ಟು ಪಕ್ಕದಲ್ಲಿ ಚಿತ್ರ ಬರೆಸಲಾಗಿದೆ. ನಮ್ಮ ಹುಡುಗರು ಆಟಕ್ಕೆ ಮುಂಚೆ ತುಂಬುವ ಹಾಳೆಗಳಲ್ಲಿ ಇರುವುದೂ ಬಹುಮಟ್ಟಿಗೆ ಇದೇ: ಬಲವೆಷ್ಟು, ಆಯುಧವೇನು, ಸವಾರಿ ಯಾವುದರ ಮೇಲೆ. ಚಿತ್ರಗಾರನಿಗೆ ಇಂಥ ಕೈಪಿಡಿ ದೊಡ್ಡ ಆಸರೆ. ಯಾವ ಊರಿನ ಯಾವ ಚಿತ್ರಗಾರ ಬರೆದರೂ ಚಾಮುಂಡಿ ಚಾಮುಂಡಿಯೇ ಆಗಿರುತ್ತಾಳೆ.

ಅಕ್ಬರನ ಕಟ್ಟನ್ನೂ ಮುಮ್ಮಡಿಯವರ ಕಟ್ಟನ್ನೂ ಪಕ್ಕಪಕ್ಕ ಇಟ್ಟರೆ ಒಂದು ಮಾತು ಹೇಳಲೇಬೇಕಾಗುತ್ತದೆ. ಮೈಸೂರಿನಲ್ಲಿ ದೇವತೆಗಳೂ ಗ್ರಹಗಳೂ ಪುರಾಣ ಪುರುಷರೂ ಬಂದರು, ದರ್ಬಾರು ದೊಡ್ಡದಾಯಿತು. ಆದರೆ ಆಗ್ರಾದ ಎಲೆಗಳಲ್ಲಿ ಜಾಗ ಪಡೆದಿದ್ದ ಸಾಣೆಗಾರ, ಕಾಗದದವನು, ದರ್ಜಿ ಈ ಆಟಗಳ ಹೆಸರುಗಳಲ್ಲೆಲ್ಲೂ ಕಾಣಿಸುವುದಿಲ್ಲ. ರಾಜ್ಯ ಕೈಯಲ್ಲಿದ್ದ ಬಾದಶಹ ಕೆಲಸಗಾರರನ್ನು ಬರೆಸಿದ. ರಾಜ್ಯ ಕೈತಪ್ಪಿದ ದೊರೆ ದೇವರನ್ನೂ ಒಡ್ಡೋಲಗವನ್ನೂ ಬರೆಸಿದರು.

ಆ ಕೆಲಸಗಾರರು ಎಲ್ಲಿದ್ದರು? ಎಲೆಯ ಹೊರಗಿದ್ದರು. ಅರಮನೆಗೆಂದು ದಂತ, ಆಮೆಚಿಪ್ಪುಗಳ ಮೇಲೆ ಬರೆದದ್ದನ್ನು ದರ್ಬಾರ್ ಕಲಂ ಎಂದೂ, ಊರ ಜನರಿಗೆಂದು ಬಟ್ಟೆ, ಕಾಗದಗಳನ್ನು ಅಂಟಿಸಿ ಮಾಡಿದ್ದನ್ನು ಬಜಾರ್ ಕಲಂ ಎಂದೂ ಕರೆಯುತ್ತಿದ್ದರು. ಬಟ್ಟೆಗೆ ಅಂಟು ಸವರಿ, ಒಣಗಿಸಿ, ಗುಂಡಗೆ ಕತ್ತರಿಸಿ, ಉಜ್ಜಿ ನುಣುಪು ಮಾಡಿ, ಬಣ್ಣ ಹಚ್ಚಿ, ಅರಗು ಬಳಿದು ಮುಗಿಸಬೇಕು. ಬೆರಳ ತುದಿಯಷ್ಟು ಜಾಗದಲ್ಲಿ ಕಣ್ಣು, ಮೂಗು, ಮೀಸೆ ಬರಬೇಕು. ಮೈಸೂರಿನ ಬೀಟೆಮರದ ಇನ್‌ಲೇ ಕೆಲಸವೂ ಇದೇ ಜಾತಿಯ ತಾಳ್ಮೆಯದು. ಮಂಡಿ ಮೊಹಲ್ಲಾದಂಥ ಕಡೆ ಆ ಕಸುಬಿನಲ್ಲಿ ತೊಡಗಿದ ಮುಸ್ಲಿಂ ಕುಟುಂಬಗಳು ಬಹಳ. ಮರದಲ್ಲಿ ಕುಳಿ ತೋಡಿ ದಂತದ ಹೂವು ಕೂರಿಸಿದವನ ಹೆಸರನ್ನು ಅರಮನೆಯ ಬಾಗಿಲು ಹೇಳುವುದಿಲ್ಲ. ಎಲೆ ಬರೆದವನ ಹೆಸರನ್ನು ಎಲೆಯೂ ಹೇಳುವುದಿಲ್ಲ.

ಅಚ್ಚು ಹಾಕಿದ ವಿಲಾಯತಿ ಇಸ್ಪೀಟು ಅಗ್ಗದ ದರದಲ್ಲಿ ಬಂದ ಮೇಲೆ ಕೈಬರಹದ ಎಲೆ ಬಾಳಲಿಲ್ಲ. ಮೈಸೂರಿನ ಛದಗಳಂತೂ ಅರಮನೆಯ ಗೋಡೆ ದಾಟಿ ಊರ ಆಟವಾಗಲೇ ಇಲ್ಲ. ಅಷ್ಟು ಕಷ್ಟದ ಆಟಗಳು ಅವು. ಮುಂಬಯಿಯಲ್ಲಿದ್ದ ಜರ್ಮನ್ ಮೂಲದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೈಡನ್ ದೇಶವೆಲ್ಲ ಹುಡುಕಿ ಎಲೆಗಳನ್ನು ಸಂಗ್ರಹಿಸಿ, ಮೈಸೂರಿನ ಛದಗಳ ಬಗ್ಗೆಯೂ ಬರೆದು, 1982ರಲ್ಲಿ ಲಂಡನ್ನಿನ ಪ್ರದರ್ಶನಕ್ಕಾಗಿ ಗಂಜೀಫಾದ ಮೇಲೆ ಪುಸ್ತಕ ಹೊರತಂದರು. ನಮ್ಮಲ್ಲಿ ಗಂಜೀಫಾ ರಘುಪತಿ ಭಟ್ಟರು ಶ್ರೀರಂಗಪಟ್ಟಣ, ಮೈಸೂರುಗಳಲ್ಲಿ ಈ ಕಲೆಗೆ ಮರುಜೀವ ಕೊಟ್ಟರು. ಆಟದ ಹೆಸರೇ ಅವರ ಹೆಸರಿನ ಮುಂದೆ ಸೇರಿಕೊಂಡಿತು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಮೃಗಾಲಯದ ಎದುರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಚೌಕಾಬಾರ, ಪಗಡೆ, ಅಳಗುಳಿಮನೆಗಳನ್ನು ಮತ್ತೆ ಜನರ ಕಣ್ಣಿಗೆ ತಂದಿದ್ದಾರೆ. ಇವೆಲ್ಲ ಒಳ್ಳೆಯ ಕೆಲಸಗಳು. ಆದರೆ ಗಂಜೀಫಾ ಇಂದು ಹೆಚ್ಚಾಗಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಚಿತ್ರವಾಗಿದೆ. ಕೊಳ್ಳುವವರು ರಾಜನನ್ನು ಕೊಳ್ಳುತ್ತಾರೆ, ದೇವರನ್ನು ಕೊಳ್ಳುತ್ತಾರೆ. ನಾಲ್ಕು ಚುಕ್ಕೆಯ ಎಲೆಯನ್ನು ಗೋಡೆಗೆ ಹಾಕುವವರು ಯಾರು? ಆಡುವವರಿದ್ದರೆ ಮಾತ್ರ ಅದಕ್ಕೆ ಬೆಲೆ.

ಚಿಲ್ಲರೆ ಪಾತ್ರಗಳಿಗೆ ಇಂದಿಗೂ ಜಾಗ ಕೊಡುವ ಒಂದು ಕಟ್ಟಳೆ ಮೈಸೂರಿನ ಮನೆಗಳಲ್ಲಿ ಉಳಿದಿದೆ. ದಸರೆಯಲ್ಲಿ ಗೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ರಾಜ ರಾಣಿಯರ ಜೋಡಿ. ಕೆಳಗಿನ ಮೆಟ್ಟಿಲಲ್ಲಿ ದಿನಸಿ ಅಂಗಡಿಯ ಶೆಟ್ಟಿ ಮತ್ತು ಅವನ ಹೆಂಡತಿ. ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ. ನಾವು ಮೊಹಲ್ಲಾದ ಮಕ್ಕಳು ಪಕ್ಕದ ಬೀದಿಯ ಮನೆಗಳಿಗೆ ಗೊಂಬೆ ಬಾಗಿನ ಕೇಳಿಕೊಂಡು ಹೋಗುತ್ತಿದ್ದೆವು. ಕೈಗೆ ಚರಪು ಬೀಳುವವರೆಗೆ ನಮ್ಮ ಕಣ್ಣು ಇರುತ್ತಿದ್ದುದು ಶೆಟ್ಟಿಯ ಅಂಗಡಿಯ ಮೇಲೆ. ಅಲ್ಲಿ ಏನೋ ನಡೆಯುತ್ತಿದೆ ಎನ್ನಿಸುತ್ತಿತ್ತು. ರಾಜ ರಾಣಿ ಸುಮ್ಮನೆ ನಿಂತಿರುತ್ತಿದ್ದರು.

ಅಬುಲ್ ಫಜಲನ ಪಟ್ಟಿಯನ್ನು ನಾನು ಹುಡುಗನಿಗೆ ಓದಿ ಹೇಳಿದೆ. ಬ್ಲಾಖ್‌ಮನ್ 1873ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದ ನನ್ನ ಬಳಿ ಇತ್ತು. ಅವನು ಕುಡಿದ ಗುಲಾಮನ ಬಳಿ ಒಮ್ಮೆ ನಕ್ಕ, ಆಮೇಲೆ ಸುಮ್ಮನೆ ಬರೆದುಕೊಳ್ಳತೊಡಗಿದ. ಮುಂದಿನ ಭಾನುವಾರ ನೋಡಿದರೆ ‘ಕಾವಲುಗಾರ ಒಂದು’ ಇದ್ದ ಜಾಗದಲ್ಲಿ ಕಾಗದಕ್ಕೆ ಬಣ್ಣ ಹಾಕುವ ಒಬ್ಬ ರಂಗ್ರೇಜ್ ಬಂದಿದ್ದ. ಮೊಣಕೈವರೆಗೆ ನೀಲಿ, ಎಷ್ಟು ತೊಳೆದರೂ ಹೋಗದ ನೀಲಿ. ಮೂರು ತಿಂಗಳಿಂದ ಕಚೇರಿಯಿಂದ ಕೂಲಿ ಬಂದಿಲ್ಲ, ಅದಕ್ಕೇ ರಾತ್ರಿ ಹೊತ್ತು ಕೋಟೆಬಾಗಿಲಲ್ಲಿ ಕಾವಲು ಕಾಯುತ್ತಾನೆ. ಅವನ ಗೆಳೆಯರು ಬಾಗಿಲ ಬಳಿ ಬಂದು ಕತ್ತಿ ಹಿರಿದರು. ಆಮೇಲೆ ಒಬ್ಬ, ನಿನ್ನ ಕೈ ಯಾಕೆ ಹಾಗಿದೆ ಎಂದು ಕೇಳಿದ. ಅಸರ್ ಕಳೆದು ಬಹಳ ಹೊತ್ತಾದರೂ ಅವರು ಆ ಬಾಗಿಲಲ್ಲೇ ನಿಂತು ಅವನ ಜತೆ ಮಾತಾಡುತ್ತಿದ್ದರು.